ಗಾಡಿಯ ಜೀವ ಇದ್ದ ಡಬ್ಬಿ

ನಾನು ದನದ ಡಾಕ್ಟರು. ಎತ್ತು ಬಾಯಿಬಿಟ್ಟು ಇಲ್ಲಿ ನೋಯುತ್ತದೆ ಅನ್ನುವುದಿಲ್ಲ, ಎಮ್ಮೆ ನಿನ್ನೆ ಏನು ತಿಂದೆ ಅಂತ ಹೇಳುವುದಿಲ್ಲ. ಕಿವಿ ಮುಟ್ಟಿ, ಪಕ್ಕೆ ಒತ್ತಿ, ಸಗಣಿ ನೋಡಿ ನಾವೇ ರೋಗ ಹಿಡಿಯಬೇಕು. ಹಿಡಿಯುತ್ತಿದ್ದೆ. ಇಂಡಿಯಲ್ಲಿ ಎರಡು ವರ್ಷ, ಸಿಂದಗಿಯಲ್ಲಿ ಮೂರು ವರ್ಷ ನೌಕರಿ ಮಾಡಿ, ಎಪ್ಪತ್ತರ ದಶಕದ ನಡುವಿನಲ್ಲಿ ಬಸವನ ಬಾಗೇವಾಡಿಗೆ ವರ್ಗವಾಗಿ ಬರುವ ಹೊತ್ತಿಗೆ ನನ್ನ ಮೇಲೆ ನನಗೆ ಭಾರೀ ಭರವಸೆ ಇತ್ತು. ಅದಕ್ಕೆ ಸೊಕ್ಕು ಅಂದವರೂ ಇದ್ದಾರೆ. ಅನ್ನಲಿ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇತ್ತು, ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ.

ನನ್ನ ಹತ್ತಿರ ಒಂದು ಹಳೇ ಮೋಟಾರ್‌ಸೈಕಲ್ ಇತ್ತು. ಇಂಡಿಯಲ್ಲಿದ್ದಾಗ ಸಾಲೋಟಗಿಯ ಜಮೀನುದಾರರೊಬ್ಬರಿಂದ ಕೊಂಡದ್ದು. ಇಂಗ್ಲೆಂಡಿನಲ್ಲಿ ತಯಾರಾಗಿ, ಯಾರ‍್ಯಾರದೋ ಕೈ ದಾಟಿ, ಕೊನೆಗೆ ನನ್ನ ಪಾಲಿಗೆ ಬಂದಿತ್ತು. ದವಾಖಾನೆಯ ಕಂಪೌಂಡರ್ ದಿನಾ ಒಂದೇ ಮಾತು: "ಈ ಮುದಿ ಕ್ವಾಣ ಮಾರಿ ಹೊಸಾದು ತಗೋರಿ ಸಾಹೇಬ್ರ." ನಾನು ಅವನ ಮಾತು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಎರೆ ಮಣ್ಣಿನ ಹೊಲದ ದಾರಿಯಲ್ಲಿ, ಗಾಲಿಗೆ ಕೆಸರು ಮೆತ್ತಿಕೊಂಡರೂ ಗುಡುಗುಡು ಅಂತ ಹೋಗುವ ಗಾಡಿ ಅದು. ಹೊಸವು ಅಲ್ಲಿ ಬಿಕ್ಕುತ್ತಿದ್ದವು.

ಆ ಗಾಡಿಯ ಒಂದು ಗುಣವನ್ನು ಮಾತ್ರ ಮೊದಲೇ ಹೇಳಿಬಿಡಬೇಕು. ಅದಕ್ಕೆ ಬ್ಯಾಟರಿ ಇಲ್ಲದೆ ಕಿಡಿ ಹುಟ್ಟುತ್ತಿರಲಿಲ್ಲ, ಕಿಡಿ ಇಲ್ಲದೆ ಇಂಜಿನ್ ಓಡುತ್ತಿರಲಿಲ್ಲ. ಇಂಜಿನ್ ಓಡುವಾಗ ಅದರ ಪಕ್ಕದ ಡೈನಮೋ ತಿರುಗಿ ಬ್ಯಾಟರಿಗೆ ಕರೆಂಟು ತುಂಬುತ್ತಿತ್ತು. ಈ ಎರಡರ ನಡುವೆ, ಸೀಟಿನ ಕೆಳಗೆ, ಒಂದು ಕರೀ ಡಬ್ಬಿ. ಅದಕ್ಕೆ ಕಟೌಟ್ ಅನ್ನುತ್ತಾರೆ. ಅದರೊಳಗೆ ಎರಡು ಬೆಳ್ಳಿ ಚುಕ್ಕೆಗಳಿರುತ್ತವೆ. ಗಾಡಿ ಓಡಿದಾಗ ಚುಕ್ಕೆಗಳು ಕೂಡುತ್ತವೆ, ಕರೆಂಟು ಬ್ಯಾಟರಿಗೆ ಹೋಗುತ್ತದೆ. ಗಾಡಿ ನಿಂತಾಗ ಬಿಡುತ್ತವೆ, ಬ್ಯಾಟರಿಯ ಕರೆಂಟು ವಾಪಸ್ ಹರಿದು ಹಾಳಾಗುವುದಿಲ್ಲ. ಇಷ್ಟೇ. ಮನೆಯ ಬಾಗಿಲು ಇದ್ದ ಹಾಗೆ.

ಆ ವರ್ಷ ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಇನ್ನೂ ಹತ್ತು ದಿನ ಇರುವಾಗ ಗೊಳಸಂಗಿ ಕಡೆಯ ಒಬ್ಬ ಕುರಿಗಾರ ಮುದುಕ ದವಾಖಾನೆಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ಬಾಗಿಲಲ್ಲೇ ನಿಂತು, "ಸಾಹೇಬ್ರ, ನಮ್ಮ ಕುರಿಗೆ ಸೂಜಿ ಹಾಕ್ರಿ" ಅಂದ.

ನನಗೆ ನಂಬಿಕೆಯೇ ಬರಲಿಲ್ಲ. ಸೂಜಿ ಅಂದರೆ ಹಿಂಡನ್ನೇ ಗುಡ್ಡದ ಆಚೆ ಅಟ್ಟಿಕೊಂಡು ಹೋಗುವ ಜನ ಅವರು. ಸೂಜಿ ಹಾಕಿದರೆ ಗಬ್ಬದ ಕುರಿ ಕಂದು ಹಾಕುತ್ತದೆ, ಉಣ್ಣೆ ಉದುರುತ್ತದೆ ಅಂತ ನನ್ನನ್ನು ಕಂಡರೆ ಮುಖ ತಿರುವುತ್ತಿದ್ದರು. ಇವನು ತಾನಾಗಿ ನಡೆದು ಬಂದಿದ್ದ.

"ಹೋದ ವರ್ಷ ಹೊಳಿ ದಾಟಿದ ಮ್ಯಾಲ ಬ್ಯಾರೇ ಹಿಂಡಿನ ಸಿಡುಬು ಹತ್ತಿತ್ರಿ. ಅರ್ಧಾ ಹಿಂಡ ಹೋತು. ಕಣ್ಣೆದುರಿಗೆ ಹೋದುವು, ಏನ ಮಾಡಾಕ ಆಗ್ಲಿಲ್ಲ. ಈಗ ಉಳದದ್ದು ಇಷ್ಟ. ಇವೂ ಹೋದ್ರ ಈ ಬಡಿಗಿ ಒಗದು ಮಂದಿ ಹೊಲದಾಗ ಕಸಾ ತಗಿಯಾಕ ಹೋಗಬೇಕ್ರಿ ನಾ."

ಯಾವಾಗ ಹೊರಡುತ್ತೀರಿ ಅಂತ ಕೇಳಿದೆ.

"ಸೀಗಿ ಹುಣ್ಣಿವಿ ಮರುದಿನ. ಹೊಳಿ ಆಚೀಕಿನ ರೈತರಿಗೆ ಮಾತು ಕೊಟ್ಟೇನಿ, ಅವರ ಹೊಲದಾಗ ಗೊಬ್ಬರಕ್ಕ ಹಿಂಡು ಕೂಡ್ರಸ್ತೇನಂತ. ಹೊತ್ತು ನೆತ್ತಿಗೆ ಬರೂತನಕಾ ನಿಮ್ಮ ಹಾದಿ ನೋಡ್ತೇನ್ರಿ. ಅದರ ಮ್ಯಾಲ ನಿಂದ್ರಾಕ ಆಗೂದಿಲ್ಲ. ನಮ್ಮ ಜೋಡಿ ಬ್ಯಾರೇ ಮಂದಿನೂ ಅದಾರ."

ಆ ಲಸಿಕೆ ಬಿಜಾಪುರದಿಂದ ಬರಬೇಕು. ಪುಡಿಯ ರೂಪದಲ್ಲಿ, ಐಸಿನಲ್ಲಿ ಇಟ್ಟು ಕಳಿಸುತ್ತಾರೆ. ಐಸು ಕರಗಿದರೆ ಅದಕ್ಕೂ ಅಡುಗೆ ಸೋಡಾಕ್ಕೂ ವ್ಯತ್ಯಾಸವಿಲ್ಲ. ಪತ್ರ ಬರೆದೆ, ಉತ್ತರ ಬಂತು: ಹುಣ್ಣಿಮೆಯ ಮರುದಿನ ಮುಂಜಾನೆಯ ಬಸ್ಸಿಗೆ, ಅದಕ್ಕೆ ಮೊದಲು ಇಲ್ಲ. ಆ ಬಸ್ಸು ಬಾಗೇವಾಡಿ ಮುಟ್ಟುವ ಹೊತ್ತಿಗೆ ಗೊಳಸಂಗಿ ಕಡೆಯ ಬಸ್ಸು ಹೋಗಿಬಿಟ್ಟಿರುತ್ತಿತ್ತು, ಇನ್ನೊಂದು ಇಳಿಹೊತ್ತಿಗೆ. ಸೈಕಲ್ ತುಳಿದರೆ ನಾನು ಮುಟ್ಟುತ್ತಿದ್ದೆ, ಐಸು ಮುಟ್ಟುತ್ತಿರಲಿಲ್ಲ. ಆದರೆ ನನಗೇನು ಚಿಂತೆ? ಗಾಡಿ ಇತ್ತಲ್ಲ. ಉತ್ತರ ಕೇಳಲು ಮತ್ತೆ ಬಂದ ಮುದುಕನಿಗೆ "ಬರ್ತೇನಿ ಹೋಗಜ್ಜಾ" ಅಂತ ಎದೆ ತಟ್ಟಿ ಹೇಳಿ ಕಳಿಸಿದೆ.

ಖಂಡೇನವಮಿಯ ಮುಂಜಾನೆ ಗಾಡಿಯನ್ನು ಅಂಗಳಕ್ಕೆ ತಂದು ಬಿಚ್ಚಿದೆ. ನಮ್ಮ ಕಡೆ ಅವತ್ತು ಕುಡುಗೋಲು, ಕೊಡಲಿ, ಹೊಲಿಗೆ ಯಂತ್ರ, ನನ್ನ ಸೂಜಿ ಪೆಟ್ಟಿಗೆ, ಎಲ್ಲವೂ ತೊಳೆಸಿಕೊಂಡು ಸಾಲಾಗಿ ಕೂರುತ್ತವೆ. ಗಾಡಿಯ ಒಂದೊಂದು ಮುಚ್ಚಳ ತೆಗೆದು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದೆ. ಕಟೌಟ್ ಡಬ್ಬಿಯನ್ನೂ ತೆರೆದು ಬೆಳ್ಳಿ ಚುಕ್ಕೆಗಳು ಮಿಂಚುವ ಹಾಗೆ ಉಜ್ಜಿದೆ. ಅವ್ವ ಇಬತ್ತಿ, ಅಂದರೆ ವಿಭೂತಿ, ಮತ್ತು ಕುಂಕುಮದ ತಾಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅದೂ ಇದೂ ಕೇಳುತ್ತಿದ್ದಳು, ನಾನೂ ಉತ್ತರ ಕೊಡುತ್ತಿದ್ದೆ. ಆಮೇಲೆ ಸ್ನಾನಕ್ಕೆ ಹೋದೆ. ಬರುವ ಹೊತ್ತಿಗೆ ಗಾಡಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು, ದೀಪದ ಮೇಲೆ, ಟಾಕಿಯ ಮೇಲೆ, ಎರಡೂ ಗಾಲಿಗೆ ಮೂರು ಮೂರು ಪಟ್ಟೆ ಇಬತ್ತಿ.

"ತೆರದಿದ್ದ ಡಬ್ಬಿ ಎಲ್ಲಾ ಮುಚ್ಚೇನಪಾ. ಧೂಳ ಬೀಳ್ತೈತಿ" ಅಂದಳು ಅವ್ವ.

"ಶಾಣ್ಯಾಕಿ" ಅಂದೆ. ಒಳಗೆ ಹೋಳಿಗೆ ಕಾಯುತ್ತಿತ್ತು.

ನವಮಿ ಆಗಿ ಎರಡು ದಿನಕ್ಕೆ ಗಾಡಿ ಕೈಕೊಟ್ಟಿತು. ಮನಗೂಳಿಯಲ್ಲಿ ಒಂದು ಎಮ್ಮೆಗೆ ಹೆರಿಗೆ ಮಾಡಿಸಿ ವಾಪಸ್ ಬರುತ್ತಿದ್ದೆ. ಮೊದಲು ಹಾರ್ನಿಗೆ ನೆಗಡಿ ಹಿಡಿಯಿತು. ಆಮೇಲೆ ಇಂಜಿನ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ದೀಪದ ಮೇಲಿನ ಆಂಪಿಯರ್ ಮೀಟರಿನ ಮುಳ್ಳು ನೋಡಿದೆ. ಚಾರ್ಜ್ ಆಗುತ್ತಿದ್ದರೆ ಅದು ಬಲಕ್ಕೆ ಹೋಗಬೇಕು, ಬ್ಯಾಟರಿ ಖರ್ಚಾಗುತ್ತಿದ್ದರೆ ಎಡಕ್ಕೆ. ಈಗ ಎಡಕ್ಕೆ ವಾಲಿಕೊಂಡು ಸತ್ತು ಮಲಗಿತ್ತು. ದಾರಿಯುದ್ದಕ್ಕೂ ಅದು ಎಡಕ್ಕೇ ಇತ್ತು ಅನ್ನುವುದು ಆಗ ನೆನಪಿಗೆ ಬಂತು. ನೋಡಿದ್ದೆ, ಲಕ್ಷ್ಯ ಕೊಟ್ಟಿರಲಿಲ್ಲ. ಒಂದು ಎತ್ತಿನ ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಾಗೇವಾಡಿಗೆ ಬಂದೆ. ಎದುರು ಬಂದವರೆಲ್ಲ, "ಡಾಕ್ಟರ್ ಸಾಹೇಬ್ರ, ಅದಕ್ಕೂ ಒಂದು ಸೂಜಿ ಹಾಕ್ರಲಾ" ಅಂತ ಹಲ್ಲು ಕಿಸಿದರು.

ನಾನು ರೋಗ ಹಿಡಿಯಲು ಕೂತೆ. ಮೊದಲು ಬ್ಯಾಟರಿ. ಮೂರು ಕೋಣೆಯ ಆರು ವೋಲ್ಟಿನದು. ಮುಚ್ಚಳ ಬಿಚ್ಚಿ ನೋಡಿದರೆ ನೀರು ಸರಿಯಾಗಿತ್ತು. ತಂತಿ ಕಟ್ಟುವ ಕೊಂಬುಗಳ ಮೇಲೆ ಹಸಿರು ಕಿಲುಬು ಇರಲಿಲ್ಲ. ಬಜಾರಿನ ರೇಡಿಯೋ ಅಂಗಡಿಯವನ ಹತ್ತಿರ ಒಂದು ಇಡೀ ದಿನ ಚಾರ್ಜಿಗೆ ಹಾಕಿಸಿದೆ. ಅವನು ಪಿಚಕಾರಿಯಂಥ ಗಾಜಿನ ನಳಿಗೆಯಿಂದ ಆಸಿಡ್ಡು ಎಳೆದು ನೋಡಿ, "ಬ್ಯಾಟರಿ ಗಟ್ಟಿ ಐತ್ರಿ, ತುಂಬಿದ್ದು ಹಿಡಕೊಂಡೈತಿ" ಅಂದ. ಕೂರಿಸಿಕೊಂಡು ಗಾಡಿ ಹೊಡೆದೆ. ಮುಳ್ಳು ಮತ್ತೆ ಎಡಕ್ಕೇ. ಅಂದರೆ ಬ್ಯಾಟರಿ ಬರೀ ಕೊಡುತ್ತಿತ್ತು, ಅದಕ್ಕೆ ಏನೂ ಬರುತ್ತಿರಲಿಲ್ಲ.

ಹಾಗಾದರೆ ಡೈನಮೋ. ನನಗೆ ಸಂಶಯವೇ ಉಳಿಯಲಿಲ್ಲ. ನವಮಿಗೆ ಸ್ವಲ್ಪ ಮೊದಲು ಮುದ್ದೇಬಿಹಾಳದ ಮಿಸ್ತ್ರಿಯ ಹತ್ತಿರ ಡೈನಮೋ ಬಿಚ್ಚಿಸಿ ಹೊಸ ಕಾರ್ಬನ್ ಹಾಕಿಸಿದ್ದೆ. ಅವನ ಕೈ ತಾಗಿದ್ದು ಅಲ್ಲಿ, ಕೆಟ್ಟಿದ್ದೂ ಅಲ್ಲಿ. ಇಷ್ಟು ಸುಲಭದ ಲೆಕ್ಕ.

ಬ್ಯಾಟರಿಯಲ್ಲಿ ಇದ್ದಷ್ಟು ಜೀವ ನಂಬಿಕೊಂಡು, ದೀಪ, ಹಾರ್ನು ಮುಟ್ಟದೆ ಮುದ್ದೇಬಿಹಾಳಕ್ಕೆ ಹೋದೆ. ಮಿಸ್ತ್ರಿ ನನಗಿಂತ ಇಪ್ಪತ್ತು ವರ್ಷ ಹಿರಿಯ. ಬೇವಿನ ಮರದ ಕೆಳಗೆ ಅವನ ಅಂಗಡಿ, ಪಕ್ಕದಲ್ಲೇ ಚಹಾದ ಹೋಟೆಲು. ಬಾಯಿ ಕಡಿಮೆ, ಕೈ ಜಾಸ್ತಿ ಅನ್ನುವಂಥ ಮನುಷ್ಯ. ನನ್ನ ಮಾತು ಮುಗಿಯುವ ಮೊದಲೇ ಡೈನಮೋದಿಂದ ಎರಡೂ ತಂತಿ ಬಿಡಿಸಿ, ಅಲ್ಲಿನ ಎರಡು ಕೊಂಡಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಒಂದು ಬಲ್ಬು ಹಚ್ಚಿ, ಗಾಡಿಯನ್ನು ನಿಧಾನಕ್ಕೆ ಓಡಿಸಿದ. ಬಲ್ಬು ಝಗ್ಗನೆ ಹೊತ್ತಿಕೊಂಡಿತು.

"ಡೈನಮೋದಾಗ ಏನೂ ಇಲ್ರಿ ಸಾಹೇಬ್ರ. ಕಟೌಟ್ ಡಬ್ಬಿ ತೆರೀರಿ, ನೋಡೂಣು."

"ಅದನ್ನ ನಾನ ಸ್ವಂತಾ ನವಮಿಗೆ ಉಜ್ಜೇನಿ. ಕನ್ನಡಿ ಆದಂಗ ಆಗೈತಿ. ಅದನ್ನೊಂದು ಬಿಟ್ಟು ಮಾತಾಡ್ರಿ."

"ಉಜ್ಜಿದ್ರೂ ಒಂದ್ಸಲ ನೋಡಿದ್ರ ಏನ ಆಗ್ತೈತ್ರಿ?"

"ನಾ ಮಾಡಿದ ಕೆಲಸದ ಮ್ಯಾಲ ಸಂಶೇನೇನು?"

ಅವನು ಸ್ಕ್ರೂಡ್ರೈವರ್ ಹಿಡಿದು ಸೀಟಿನ ಕಡೆ ಬಾಗಿದ. ನನ್ನ ಮೈಯೆಲ್ಲ ಉರಿದುಹೋಯಿತು. ಕೈ ಅಡ್ಡ ಹಿಡಿದೆ. ಚಹಾ ಕುಡಿಯುತ್ತಿದ್ದ ಮಂದಿಯೆಲ್ಲ ಇತ್ತ ತಿರುಗಿದರು. ಬಾಯಿಗೆ ಬಂದದ್ದು ಬಂದೇಬಿಟ್ಟಿತು: "ನಿನ್ನ ಕೈಗುಣಾನ ಸರಿ ಇಲ್ಲ ಮಿಸ್ತ್ರಿ! ಚೊಲೋ ಗಾಡಿ ತಂದು ಕೊಟ್ಟಿದ್ದೆ, ಕೆಡಿಸಿ ಕೊಟ್ಟಿ. ಈಗ ಅಲ್ಲಿ ನೋಡ್ರಿ, ಇಲ್ಲಿ ನೋಡ್ರಿ ಅಂತಿ!" ತಂದೆಯ ವಯಸ್ಸಿನವನಿಗೆ ಏಕವಚನದಲ್ಲಿ ಅಂದಿದ್ದೆ, ಎಂಟು ಹತ್ತು ಜನರ ಎದುರಿಗೆ.

ಅವನು ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟ. "ಆ ಡಬ್ಬಿ ತೆರದು ನೋಡ್ರಿ. ನೋಡಿದ ಮ್ಯಾಲ ಬೈರಿ" ಅಂದು ಇನ್ನೊಂದು ಗಾಡಿಯ ಕಡೆ ಹೋಗಿ ಕೂತ. ನಾನು ಗಾಡಿ ಹೊಡೆದುಕೊಂಡು ಬಂದುಬಿಟ್ಟೆ. ಬಾಗೇವಾಡಿ ಇನ್ನೂ ಒಂದು ಹರದಾರಿ ಇರುವಾಗ ಅದು ನಿಂತಿತು. ತಳ್ಳಿಕೊಂಡು ಬಂದೆ, ಮಿಸ್ತ್ರಿಗೆ ಬೈಯುತ್ತ ಬಂದೆ. ಡಬ್ಬಿ ತೆರೆಯಲಿಲ್ಲ. ಯಾಕೆ ತೆರೆಯಬೇಕು? ಉಜ್ಜಿದವನು ನಾನು.

ನವಮಿ ಆಗಿ ಆರು ದಿನಕ್ಕೆ ಸೀಗಿ ಹುಣ್ಣಿಮೆ ಬಂತು. ಆ ಹೊತ್ತಿಗೆ ನಾನು ಬ್ಯಾಟರಿಯಿಂದ ಹಿಡಿದು ಒಂದೊಂದು ತಂತಿಯನ್ನೂ ಬೆರಳಲ್ಲಿ ಹಿಡಿದು ನೋಡಿದ್ದೆ. ಎಲ್ಲೂ ಕಡಿದಿರಲಿಲ್ಲ. ಬ್ಯಾಟರಿಯನ್ನು ಮತ್ತೆ ರೇಡಿಯೋ ಅಂಗಡಿಗೆ ಕೊಟ್ಟೆ. ಹಬ್ಬ ಅಂತ ಅವನು ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿದ, ಅರ್ಧ ಚಾರ್ಜಿನಲ್ಲೇ ವಾಪಸ್ ಕೊಟ್ಟ. ಇರಲಿ, ಗೊಳಸಂಗಿಯ ಆಚೆ ಮುಟ್ಟಲು ಅಷ್ಟು ಸಾಕು ಅಂದುಕೊಂಡೆ. ಅಂದುಕೊಂಡೆ ಅಷ್ಟೇ.

ಮರುದಿನ ಬಿಜಾಪುರದ ಬಸ್ಸು ತಡವಾಗಿ ಬಂತು. ಕಂಡಕ್ಟರ್ ಥರ್ಮಾಸ್ ಕೈಗೆ ಕೊಟ್ಟ. ಅಲುಗಿಸಿದೆ, ಒಳಗೆ ಐಸು ಟಳ್ ಟಳ್ ಅಂತು. ಥರ್ಮಾಸನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಚೀಲ ಕೊರಳಿಗೆ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಕೋಳಿ ಅಡ್ಡ ಬಂದರೂ ಹಾರ್ನು ಹೊಡೆಯಲಿಲ್ಲ, ಬಾಯಿಂದ ಕೂಗಿದೆ. ಕಣ್ಣು ಮುಳ್ಳಿನ ಮೇಲೇ ಇತ್ತು. ಅದು ಎಡಕ್ಕೇ ಇತ್ತು.

ಗೊಳಸಂಗಿ ಇನ್ನೂ ಎರಡು ಹರದಾರಿ ಇರುವಾಗ, ಒಂದು ಏರಿನ ತುದಿಯಲ್ಲಿ ಇಂಜಿನ್ ಕೆಮ್ಮಿತು. "ಏ, ಬ್ಯಾಡಪಾ, ಈಗ ಬ್ಯಾಡ" ಅಂತ ಕೈಮುಗಿಯುವುದೊಂದು ಬಾಕಿ. ನಿಂತುಬಿಟ್ಟಿತು.

ಸೂರ್ಯ ನೋಡಿದೆ. ಹೊತ್ತು ನೆತ್ತಿಗೆ ಬರಲು ಇನ್ನೊಂದು ತಾಸು ಇತ್ತು. ಹಿಂಡಿದ್ದಲ್ಲಿಗೆ ನಡೆದರೆ ಎರಡೂವರೆ ತಾಸಿನ ದಾರಿ. ಗಾಡಿಗೆ ಒಂದು ಒದ್ದೆ, ಕಾಲಿಗೇ ನೋವಾಯಿತು. ಬೇವಿನ ನೆರಳಿಗೆ ತಳ್ಳಿ, ಥರ್ಮಾಸನ್ನು ತಂಪಿನಲ್ಲಿಟ್ಟು ನೆಲದ ಮೇಲೆ ಕೂತೆ. ಮುದುಕ ದವಾಖಾನೆಯ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು. ಅವನ ಉಳಿದ ಹಿಂಡಿನ ಪಾಲಿಗೆ ನಾನೊಬ್ಬನೇ ಇದ್ದೆ, ನಾನು ಇಲ್ಲಿ ಮರದ ಕೆಳಗೆ ಕೂತಿದ್ದೆ. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂದಿತ್ತು.

ಅತ್ತು ಏನು ಉಪಯೋಗ? ಎದ್ದೆ. ಇದು ಗಾಡಿ ಅಲ್ಲ, ಹೊಟ್ಟೆ ಉಬ್ಬಿದ ಎತ್ತು ಅಂದುಕೊಂಡು ಮೊದಲಿನಿಂದ ಪರೀಕ್ಷೆ ಮಾಡಿದೆ. ಬ್ಯಾಟರಿ ತುಂಬಿದ್ದು ಹಿಡಿಯುತ್ತದೆ, ರೇಡಿಯೋ ಅಂಗಡಿಯವನು ತೋರಿಸಿದ್ದ. ಡೈನಮೋ ಕರೆಂಟು ಹುಟ್ಟಿಸುತ್ತದೆ, ಬಲ್ಬು ಹೊತ್ತಿದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ತಂತಿ ಕಡಿದಿಲ್ಲ. ಹುಟ್ಟಿದ್ದು ತುಂಬುವಲ್ಲಿಗೆ ಹೋಗುತ್ತಿಲ್ಲ ಅಂದರೆ ನಡುವಿನ ಬಾಗಿಲೇ ತೆರೆದಿಲ್ಲ. ಉಳಿದದ್ದು ಅದೊಂದೇ ಜಾಗ. ದನದ ಮೈಯಲ್ಲಾಗಿದ್ದರೆ ನಾನು ನೋಡದೆ ಬಿಡುತ್ತಿದ್ದೆನೇ? ನಾನೇ ಹೊಲಿದ ಗಾಯ ಅಂತ ಬಿಡುತ್ತಿದ್ದೆನೇ? ಹಾಗೆ ಬಿಟ್ಟ ಕಂಪೌಂಡರಿಗೆ ಎಷ್ಟು ಸಲ ಬೈದಿಲ್ಲ ನಾನು!

ಸೀಟು ಎತ್ತಿ ಡಬ್ಬಿಯ ಮುಚ್ಚಳ ತೆಗೆದೆ.

ಒಳಗೆ ಮೂರು ಪಟ್ಟೆ ಇಬತ್ತಿ. ನಡುವೆ ಒಂದು ಕುಂಕುಮದ ಬೊಟ್ಟು. ಮೂಲೆಯಲ್ಲಿ ಎರಡು ಅಕ್ಕಿಕಾಳು, ಒಂದು ಒಣಗಿದ ಚೆಂಡುಹೂವಿನ ಎಸಳು. ನೀರಿನಲ್ಲಿ ಕಲಸಿದ ಇಬತ್ತಿ ಎರಡು ಬೆಳ್ಳಿ ಚುಕ್ಕೆಗಳ ನಡುವಿನ ಸಂದಿಗೆ ಇಳಿದು, ಒಣಗಿ, ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಚುಕ್ಕೆಗಳು ಕೂಡಲು ಹೋದಾಗಲೆಲ್ಲ ನಡುವೆ ಬೂದಿ.

ಆಗ ನೆನಪಾಯಿತು. ನವಮಿಯ ಮುಂಜಾನೆ ಅವ್ವ ತಾಟು ಹಿಡಿದು ನಿಂತು ಕೇಳಿದ್ದಳು, "ಇದರ ಜೀವ ಎಲ್ಲಿರ್ತೈತೋ?" ಉಜ್ಜುವ ಭರದಲ್ಲಿ ನಾನು ತಮಾಷೆಗೆ ಅಂದಿದ್ದೆ: "ಇಲ್ನೋಡು, ಈ ಡಬ್ಬ್ಯಾಗ. ಇದು ಕೈಕೊಡ್ತು ಅಂದ್ರ ನಿನ್ನ ಮಗಾ ನಡುದಾರ್ಯಾಗ ನಿಂದರ್ತಾನ." ಅವ್ವ ಅದನ್ನು ತಮಾಷೆ ಅಂತ ತಗೊಂಡಿರಲಿಲ್ಲ.

"ಯವ್ವಾ ನಮ್ಮವ್ವಾ!" ಅಂತ ಆ ಬಯಲಿನಲ್ಲಿ ಕೂಗಿಬಿಟ್ಟೆ. ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಸಿಟ್ಟೇ ಗೆದ್ದಿತು. ಮನೆಗೆ ಹೋಗಿ ಏನೇನು ಅನ್ನಬೇಕು ಅಂತ ಗೊಣಗುತ್ತಲೇ ಕೈ ಕೆಲಸ ಮಾಡಿತು. ಸೂಜಿ ಪೆಟ್ಟಿಗೆಯಿಂದ ಸ್ಪಿರಿಟ್ಟು, ಹತ್ತಿ ತೆಗೆದು ಬೂದಿ ನೆನೆಸಿದೆ. ಲಸಿಕೆಯ ನಮೂನೆ ಬರೆಯುವ ಸರಕಾರಿ ದಪ್ಪ ಕಾಗದ ಇತ್ತು, ಅದರ ಒಂದು ಅಂಚು ಹರಿದು ಚುಕ್ಕೆಗಳ ನಡುವೆ ಹಾಕಿ ಎಳೆದೆ. ಬೆಳ್ಳಗೆ ಬಂತು. ಮತ್ತೆ ಎಳೆದೆ. ಸ್ವಚ್ಛ ಬರುವ ತನಕ ಎಳೆದೆ.

ಅಷ್ಟು ಹೊತ್ತು ಸುಮ್ಮನೆ ಬಿಟ್ಟದ್ದಕ್ಕೆ ಬ್ಯಾಟರಿಗೆ ತುಸು ಉಸಿರು ಬಂದಿತ್ತು. ಹೊಲದಲ್ಲಿದ್ದ ಇಬ್ಬರನ್ನು ಕೂಗಿ ಕರೆದೆ. "ತಳ್ರಪಾ, ಇಳಿಜಾರ ಐತಿ!" ಓಡುತ್ತ ತಳ್ಳಿದರು. ಗೇರು ಹಾಕಿ ಕ್ಲಚ್ಚು ಬಿಟ್ಟೆ. ಒಂದು ಸಲ ಕೆಮ್ಮಿತು. ಎರಡನೇ ಸಲಕ್ಕೆ ಗುಡುಗುಡು ಅಂತು. ಮುಳ್ಳು ಎಡದಿಂದ ಎದ್ದು, ಸೊನ್ನೆ ದಾಟಿ, ಬಲಕ್ಕೆ ಹೋಗಿ ನಿಂತಿತು. ಏಳು ದಿನದಲ್ಲಿ ಅದನ್ನು ಅಲ್ಲಿ ನೋಡಿರಲಿಲ್ಲ. ಹಾರ್ನು ಹೊಡೆದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ, ಆದರೂ ಗೊಳಸಂಗಿ ಮುಟ್ಟುವ ತನಕ ಹೊಡೆಯುತ್ತಲೇ ಹೋದೆ.

ಊರಾಚೆ ಹಿಂಡು ಎದ್ದು ನಿಂತಿತ್ತು. ಕುದುರೆಯ ಮೇಲೆ ಗಂಟು ಮೂಟೆ ಹೇರಿಯಾಗಿತ್ತು. ಉಳಿದ ಕುರಿಗಾರರು ಮುದುಕನ ಮೇಲೆ ರೇಗಾಡುತ್ತಿದ್ದರು. ಅವನು ಬಡಿಗೆ ನೆಲಕ್ಕೆ ಊರಿ, ತನ್ನ ನೆರಳು ಪಾದದ ಹತ್ತಿರ ಬರುವುದನ್ನು ನೋಡುತ್ತ ನಿಂತಿದ್ದ. ನನ್ನನ್ನು ನೋಡಿ ಅವರ ಕಡೆ ತಿರುಗಿ, "ಹೇಳಿದ್ದಿಲ್ಲೇನು?" ಅಂದ. ಅಷ್ಟೇ.

ಥರ್ಮಾಸ್ ತೆರೆದಾಗ ಲಿಂಬೆಹಣ್ಣಿನಷ್ಟು ಐಸು ಉಳಿದಿತ್ತು. ಪುಡಿಯನ್ನು ನೀರಿನಲ್ಲಿ ಕರಗಿಸಿ ಶುರು ಮಾಡಿದೆ. ಒಬ್ಬ ಹಿಡಿಯುವುದು, ನಾನು ಚುಚ್ಚುವುದು, ಇನ್ನೊಬ್ಬ ಆಚೆ ಬಿಡುವುದು. ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಈ ಕೆಲಸ ನನಗೆ ಬರುತ್ತಿತ್ತು. ನೋಡುತ್ತ ನಿಂತ ಉಳಿದವರೂ ಕೊನೆಗೆ, "ನಮ್ಮುವಕ್ಕೂ ಹಾಕ್ರಿ ಹಂಗಾರ" ಅಂತ ತಮ್ಮ ಕುರಿ ತಂದರು. ಲಸಿಕೆ ಮುಗಿಯುವ ತನಕ ಹಾಕಿದೆ. ಹದಿನೈದು ದಿನ ಬೇರೆ ಹಿಂಡಿನ ಜೊತೆ ಕೂಡಿಸಬೇಡಿ, ಅಷ್ಟರಲ್ಲಿ ಮೈಗೆ ಹತ್ತುತ್ತದೆ ಅಂತ ಹೇಳಿದೆ.

ಹೊರಡುವಾಗ ಮುದುಕ ಚೀಲದಿಂದ ಭಂಡಾರ, ಅವರ ದೇವರ ಅರಿಶಿನ ಪುಡಿ, ಮುಷ್ಟಿ ತುಂಬ ತೆಗೆದು ಗಾಡಿಯ ಕಡೆ ನಡೆದ.

"ಅಜ್ಜಾ, ಬ್ಯಾಡ! ಅದಕ್ಕ ಹಚ್ಚಬ್ಯಾಡ!" ನಾನು ಓಡಿಹೋಗಿ ಸೀಟಿನ ಮೇಲೆ ಎರಡೂ ಕೈ ಇಟ್ಟೆ.

ಅವನು ಗಾಬರಿಯಾಗಿ ನಿಂತ. ಆಮೇಲೆ, "ಗಾಡಿಗೆ ಬ್ಯಾಡಂದ್ರ ನಿಮಗ ಹಚ್ತೇನಿ" ಅಂದು ನನ್ನ ಹಣೆಯ ತುಂಬ ಬಳಿದುಬಿಟ್ಟ.

ಸಂಜೆ ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದೆ. ಹಣೆ ನೋಡಿ, "ಮುಟ್ಟಿದೇನಪಾ? ಆ ಅಜ್ಜನ ಕುರಿ ಉಳದುವೇನು?" ಅಂದಳು.

"ಮುಟ್ಟಿದೆ. ಅವ್ವಾ, ಆ ಡಬ್ಬ್ಯಾಗ..."

"ಹಾಂ, ಇಬತ್ತಿ ಹಚ್ಚೇನಿ. ನೀನ ಹೇಳಿದ್ಯಲ್ಲಾ, ಅದು ಕೈಕೊಟ್ರ ನೀ ನಡುದಾರ್ಯಾಗ ನಿಂದರ್ತಿ ಅಂತ. ಮ್ಯಾಲ ಮ್ಯಾಲ ಹಚ್ಚಿ ಏನ ಮಾಡ್ಲಿ? ಜೀವಕ್ಕ ಹಚ್ಚಿದೆ. ನೀ ದಿನಾ ಎಲ್ಲೆಲ್ಲೋ ಹೊಲಾ ಅಡವಿ ತಿರಗ್ತಿ, ನಾ ಇ‌ಲ್ಲಿ ಬಾಗಲಾ ನೋಡ್ಕೋತ ಕುಂತಿರ್ತೇನಿ."

"ಚಹಾ ಮಾಡು" ಅಂದು ಒಳಗೆ ಹೋದೆ.

ಮರುದಿನ ಮುದ್ದೇಬಿಹಾಳಕ್ಕೆ ಹೋದೆ. ಬೇಕಂತಲೇ ಹೋಟೆಲಿನಲ್ಲಿ ಮಂದಿ ಇರುವ ಹೊತ್ತು ನೋಡಿ ಹೋದೆ. ಮಂದಿಯ ಎದುರು ಅಂದದ್ದನ್ನು ಮಂದಿಯ ಎದುರೇ ವಾಪಸ್ ತಗೊಳ್ಳಬೇಕಲ್ಲ. "ಮಿಸ್ತ್ರಿ, ತಪ್ಪು ನಂದ್ರಿ. ನಿಮ್ಮ ಕೈಯಾಗ ಏನೂ ದೋಷ ಇಲ್ಲ" ಅಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಹೋಟೆಲಿನ ಬೆಂಚು ಅಲುಗಾಡುವ ಹಾಗೆ ನಕ್ಕರು. ಮಿಸ್ತ್ರಿಯೂ ಕಣ್ಣು ಒರೆಸಿಕೊಂಡು ನಕ್ಕ.

"ಮೂವತ್ತ ವರ್ಷದಾಗ ಕಟೌಟಿನ್ಯಾಗ ಧೂಳ ನೋಡೇನಿ, ಇರಿವಿ ನೋಡೇನಿ, ಜೇಡರ ಬಲಿ ನೋಡೇನಿ. ಇಬತ್ತಿ ನೋಡಿದ್ದಿಲ್ಲ ಬಿಡ್ರಿ." ಆಮೇಲೆ ನಗು ನಿಲ್ಲಿಸಿ ಕೇಳಿದ, "ಅವ್ವಗ ಬೈದ್ರೇನು?"

"ಇಲ್ರಿ."

"ಹಂಗಾರ ಬೈಸಿಕೊಂಡಾಂವ ನಾ ಒಬ್ಬನ" ಅಂದ. ಆ ಮಾತು ಸರಿಯಾಗಿ ನಾಟಿತು. ತಲೆ ತಗ್ಗಿಸಿದೆ. ಅವನು ಒಂದು ಕಪ್ಪು ಚಹಾ ತಂದು ನನ್ನ ಕೈಗೆ ಕೊಟ್ಟ. ಅದಾದ ಮೇಲೆ ನನ್ನ ಗಾಡಿಯನ್ನು ಅವನು ಹೇಗೆ ಬೇಕಾದರೂ ಬಿಚ್ಚುತ್ತಿದ್ದ, ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ.

ಮಳೆಗಾಲದ ಮೊದಲಿಗೆ ಮುದುಕ ವಾಪಸ್ ಬಂದ. ದವಾಖಾನೆಗೆ ಹೋಗಲಿಲ್ಲ, ನೇರ ಮನೆಗೇ ಬಂದ. "ಹೊಳಿ ಆಚೆ ಈ ಸರ್ತಿನೂ ಸಿಡುಬು ಬಂದಿತ್ರಿ. ಮಂದಿ ಕುರಿ ಭಾಳ ಹೋದುವು. ನಂದು ಒಂದ ಮರಿನೂ ಹೋಗಿಲ್ರಿ ಸಾಹೇಬ್ರ." ನಾನು ಎದೆ ಉಬ್ಬಿಸಿ ಲಸಿಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು. "ಉಳೀಲಾರದ ಏನ ಮಾಡ್ಯಾವ? ಗಾಡಿ ಜೀವಕ್ಕ ಇಬತ್ತಿ ಹಚ್ಚಿ ಕಳಿಸಿದ್ದೆ ನಾ." ಮುದುಕ ಎರಡೂ ಕೈ ಎತ್ತಿ ಅವಳಿಗೆ ಮುಗಿದ. ನನಗೆ ಅಂತ ತಂದಿದ್ದ ಹೊಸ ಕರೀ ಕಂಬಳಿಯನ್ನು ಅವಳ ಕಾಲ ಹತ್ತಿರ ಇಟ್ಟ. ತಪ್ಪು ರೋಗ ಹೇಳಿದವರನ್ನು ಯಾವತ್ತೂ ತಿದ್ದದೆ ಬಿಡದ ನಾನು, ಅವತ್ತು ಸುಮ್ಮನೆ ನಿಂತು ನಕ್ಕೆ.

ಮುಂದಿನ ಖಂಡೇನವಮಿಗೆ ಡಬ್ಬಿಯನ್ನು ನಾನೇ ತೆರೆದು ಅವಳ ಮುಂದೆ ನಿಂತೆ. ಅವಳು ಮೂರು ಪಟ್ಟೆ ಹಚ್ಚಿ, ಬೊಟ್ಟಿಟ್ಟು, ಅಕ್ಕಿಕಾಳು ಹಾಕಿ ಒಳಗೆ ಹೋದಳು. ಅವಳು ಹೋದ ಮೇಲೆ ಸ್ಪಿರಿಟ್ಟಿನ ಹತ್ತಿಯಿಂದ ಚುಕ್ಕೆಗಳನ್ನು ಒರೆಸಿದೆ. ಅದರ ಮುಂದಿನ ವರ್ಷವೂ ಹಾಗೇ. ಅವಳಿಗೆ ಗೊತ್ತಾಗಲಿಲ್ಲ, ಗಾಡಿ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ.

ಅವ್ವ ತೀರಿಕೊಂಡ ವರ್ಷದ ನವಮಿಗೂ ಗಾಡಿಯನ್ನು ಅಂಗಳಕ್ಕೆ ತಂದು ತೊಳೆದೆ. ಹತ್ತಿಗೆ ಸ್ಪಿರಿಟ್ಟು ಹಚ್ಚಿಕೊಂಡು ಡಬ್ಬಿಯ ಮುಚ್ಚಳ ತೆಗೆದೆ. ಚುಕ್ಕೆಗಳು ಹೊಳೆಯುತ್ತಿದ್ದವು. ಒರೆಸಲು ಏನೂ ಇರಲಿಲ್ಲ.